ಅಂಗಡಿಯ ಕ್ಯಾಲ್ಕುಲೇಟರಿನಲ್ಲಿ ವರ್ಗಮೂಲ, ಘನಮೂಲ ಕಂಡುಹಿಡಿಯುವ ಬಗೆ

ಮೂವತ್ತು-ನಲವತ್ತರ ಸೈಟಿನಲ್ಲಿ ಪಾಯಕ್ಕೆ ದಾರ ಕಟ್ಟುವ ಮೇಸ್ತ್ರಿಗೆ ಕ್ಯಾಲ್ಕುಲೇಟರ್ ಬೇಕಾಗುವುದಿಲ್ಲ. ಬದಿಗಳ ಅಳತೆ ಸರಿಯಿದ್ದು, ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದ ಟೇಪು 50 ಅಡಿ ತೋರಿಸಿದರೆ ಮೂಲೆಗಳು ಮಟ್ಟಸವಾಗಿವೆ ಎಂಬುದು ಅವರಿಗೆ ಬಾಯಿಪಾಠವಾಗಿರುತ್ತದೆ. 30ರ ವರ್ಗ 900, 40ರ ವರ್ಗ 1,600, ಎರಡೂ ಸೇರಿ 2,500, ಅದರ ವರ್ಗಮೂಲ 50 ಎಂಬ ಲೆಕ್ಕ ಆ ಬಾಯಿಪಾಠದ ಹಿಂದಿದೆ. ಸೈಟು ನಲವತ್ತು-ಅರವತ್ತರದ್ದಾದ ಕೂಡಲೇ ಈ ಅನುಕೂಲ ತಪ್ಪಿಹೋಗುತ್ತದೆ. ಅಲ್ಲಿ 5,200ರ ವರ್ಗಮೂಲ ಬೇಕು, ಅದು ಪೂರ್ಣಸಂಖ್ಯೆಯಲ್ಲ. ಇನ್ನು 5,000 ಲೀಟರ್ ನೀರು ಹಿಡಿಯುವ ಚೌಕನೆಯ ಸಂಪಿಗೆ ಎಷ್ಟು ಉದ್ದ, ಅಗಲ, ಆಳ ಇರಬೇಕೆಂದು ಕೇಳಿದರೆ ವರ್ಗಮೂಲವೂ ಸಾಲದು, ಘನಮೂಲವೇ ಬೇಕಾಗುತ್ತದೆ.

ಇವೆರಡನ್ನೂ ಕ್ಯಾಲ್ಕುಲೇಟರಿನಲ್ಲಿ ಹೇಗೆ ಕಂಡುಹಿಡಿಯುವುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ವರ್ಗಮೂಲದ ವಿಷಯ ಬೇಗ ಮುಗಿಯುತ್ತದೆ, ಏಕೆಂದರೆ ಕಿರಾಣಿ ಅಂಗಡಿಯ ಗಲ್ಲಾ ಪಕ್ಕದಲ್ಲಿರುವ ಸಾದಾ ಕ್ಯಾಲ್ಕುಲೇಟರಿನಲ್ಲೂ ಸಾಮಾನ್ಯವಾಗಿ √ ಗುರುತಿನ ಗುಂಡಿ ಇರುತ್ತದೆ. ಘನಮೂಲದ ಗುಂಡಿ ಮಾತ್ರ ಅದರಲ್ಲಿ ಇರುವುದಿಲ್ಲ. ಇಲ್ಲದಿದ್ದರೂ ಅದೇ √ ಗುಂಡಿಯಿಂದ ಘನಮೂಲವನ್ನು ಎಷ್ಟು ಅಂಕಿ ಬೇಕೋ ಅಷ್ಟು ನಿಖರವಾಗಿ ಪಡೆಯಬಹುದು. ನನ್ನ ಮಟ್ಟಿಗೆ ಈ ಬರಹದಲ್ಲಿ ನಿಜವಾಗಿ ಕಲಿಯಬೇಕಾದ ಭಾಗ ಅದೇ ಆಗಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಸಂಖ್ಯೆ ಮೊದಲೋ, ಗುಂಡಿ ಮೊದಲೋ

ಸಾದಾ ಕ್ಯಾಲ್ಕುಲೇಟರಿನಲ್ಲಿ ಸಂಖ್ಯೆಯನ್ನು ಮೊದಲು ಒತ್ತಿ, ಅನಂತರ √ ಒತ್ತಬೇಕು. ಸಮ ಚಿಹ್ನೆಯ ಅಗತ್ಯವಿಲ್ಲ. 1089 ಒತ್ತಿ √ ಒತ್ತಿದರೆ ತಕ್ಷಣ 33 ಬರುತ್ತದೆ. ಒಂದು ಗುಂಟೆ ಎಂದರೆ 1,089 ಚದರಡಿ, ಅಂದರೆ 33 ಅಡಿ ಉದ್ದ, 33 ಅಡಿ ಅಗಲದ ಜಾಗ ಎಂಬುದು ಈ ಲೆಕ್ಕದಿಂದ ಕಣ್ಣಿಗೆ ಕಟ್ಟುತ್ತದೆ. ಒಂದು ಎಕರೆಗೆ 40 ಗುಂಟೆ, ಅಂದರೆ 43,560 ಚದರಡಿ. ಅದರ ವರ್ಗಮೂಲ 208.71 ಆಗಿರುವುದರಿಂದ, ಸರಿಯಾಗಿ ಚೌಕವಾಗಿರುವ ಒಂದು ಎಕರೆ ಹೊಲದ ಬದಿ ಸುಮಾರು 208 ಅಡಿ ಎಂಟೂವರೆ ಅಂಗುಲ ಇರುತ್ತದೆ.

ವೈಜ್ಞಾನಿಕ ಕ್ಯಾಲ್ಕುಲೇಟರಿನಲ್ಲಿ ಕ್ರಮ ತಿರುಗುಮುರುಗು. ಕಾಗದದ ಮೇಲೆ ಬರೆಯುವಂತೆಯೇ ಮೊದಲು √, ಆಮೇಲೆ ಸಂಖ್ಯೆ, ಕೊನೆಗೆ = ಒತ್ತಬೇಕು. ಕಾಲೇಜು ಮಕ್ಕಳ ಚೀಲದಲ್ಲಿ ಹೆಚ್ಚಾಗಿ ಕಾಣುವ ಕ್ಯಾಸಿಯೋ ಕಂಪನಿಯ ಎಫ್‌ಎಕ್ಸ್-82ಎಂಎಸ್, ಎಫ್‌ಎಕ್ಸ್-991ಇಎಸ್ ಮಾದರಿಗಳಲ್ಲಿ ಇದೇ ಕ್ರಮ. ಇಎಸ್ ಮಾದರಿಯಲ್ಲಿ 50ರ ವರ್ಗಮೂಲ ಕೇಳಿದರೆ ಪರದೆಯ ಮೇಲೆ ದಶಮಾಂಶದ ಬದಲು 5√2 ಎಂದು ಬರುವುದುಂಟು. ಅದು ತಪ್ಪಲ್ಲ, ಕ್ಯಾಲ್ಕುಲೇಟರ್ ಉತ್ತರವನ್ನು ಒಡೆಯದೆ ಇಟ್ಟಿದೆ, ಅಷ್ಟೇ. ಎಸ್ ಮತ್ತು ಡಿ ಅಕ್ಷರಗಳ ನಡುವೆ ಬಾಣದ ಗುರುತಿರುವ ಗುಂಡಿಯನ್ನು ಒತ್ತಿದರೆ 7.071067812 ಎಂದು ಬಿಡಿಸಿ ತೋರಿಸುತ್ತದೆ.

ಐಫೋನಿನಲ್ಲಿ ಪರದೆ ತಿರುಗದಂತೆ ಹಾಕಿರುವ ಬೀಗ ತೆಗೆದು ಫೋನನ್ನು ಅಡ್ಡ ಹಿಡಿದರೆ ವೈಜ್ಞಾನಿಕ ಗುಂಡಿಗಳು ಮೂಡುತ್ತವೆ. ವಿಂಡೋಸ್ ಕಂಪ್ಯೂಟರಿನ ಕ್ಯಾಲ್ಕುಲೇಟರಿನಲ್ಲಿ ಸಂಖ್ಯೆ ಮೊದಲು, ಗುಂಡಿ ಆಮೇಲೆ. ನಿಮ್ಮ ಕೈಲಿರುವುದು ಯಾವ ಜಾತಿಯದೆಂದು ತಿಳಿಯಲು ಕೈಪಿಡಿ ಹುಡುಕಬೇಕಾಗಿಲ್ಲ. 9ರ ವರ್ಗಮೂಲವನ್ನು ಎರಡೂ ಕ್ರಮದಲ್ಲಿ ಒತ್ತಿ ನೋಡಿ, 3 ಯಾವುದರಲ್ಲಿ ಬಂದಿತೋ ಅದೇ ಅದರ ಕ್ರಮ.

ಆವರಣ ಮರೆತರೆ, ಅಂಗುಲ ಮರೆತರೆ

ವರ್ಗಮೂಲದಲ್ಲಿ ತಪ್ಪು ನುಸುಳುವುದು √ ಗುಂಡಿಯಲ್ಲಲ್ಲ, ಅದರ ಆಚೀಚೆ. ಮೊದಲನೆಯದು ಆವರಣದ ತಪ್ಪು. 30ರ ವರ್ಗಕ್ಕೆ 40ರ ವರ್ಗ ಕೂಡಿಸಿ ವರ್ಗಮೂಲ ತೆಗೆಯಬೇಕಾದಾಗ, ಎಂಎಸ್ ಮಾದರಿಯಲ್ಲಿ ಆವರಣ ಹಾಕದೆ √30²+40² ಎಂದು ಒತ್ತಿದರೆ 1630 ಬರುತ್ತದೆ. ಕ್ಯಾಲ್ಕುಲೇಟರ್ ಮೊದಲ ಸಂಖ್ಯೆಗೆ ಮಾತ್ರ ವರ್ಗಮೂಲ ಹಿಡಿದು 30 ಮಾಡಿಕೊಂಡು, ಅದಕ್ಕೆ 1,600 ಕೂಡಿಸಿದೆ. √(30²+40²) ಎಂದು ಆವರಣದೊಳಗೆ ಇಟ್ಟರೆ 50. ಇಎಸ್ ಮಾದರಿಯಲ್ಲಿ ಇದಕ್ಕೆ ವಿರುದ್ಧವಾದ ತೊಂದರೆ ಇದೆ. ಅಲ್ಲಿ √ ಚಿಹ್ನೆ ಚಪ್ಪರದಂತೆ ಚಾಚಿಕೊಳ್ಳುತ್ತಾ ಹೋಗುವುದರಿಂದ, ಬಲಬಾಣದ ಗುಂಡಿ ಒತ್ತಿ ಹೊರಗೆ ಬರುವ ತನಕ ನೀವು ಒತ್ತಿದ್ದೆಲ್ಲ ಆ ಚಪ್ಪರದ ಕೆಳಗೇ ಸೇರುತ್ತದೆ.

ಸಾದಾ ಕ್ಯಾಲ್ಕುಲೇಟರಿನಲ್ಲಿ ಆವರಣವೇ ಇಲ್ಲದಿರುವುದರಿಂದ ನೆನಪಿನ ಗುಂಡಿಗಳನ್ನು ಬಳಸಬೇಕು. ನೆನಪಿನಲ್ಲಿ ಹಳೆಯದೇನೂ ಉಳಿದಿಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಿ. 40 × 40 ಒತ್ತಿ ಎಂ+, 60 × 60 ಒತ್ತಿ ಎಂ+, ಆಮೇಲೆ ಎಂಆರ್ ಒತ್ತಿದರೆ 5200 ಕಾಣುತ್ತದೆ. ಈಗ √ ಒತ್ತಿದರೆ 12 ಅಂಕಿಯ ಕ್ಯಾಲ್ಕುಲೇಟರ್ 72.1110255092 ಎಂದು ತೋರಿಸುತ್ತದೆ. ಕೆಲವು ಕ್ಯಾಲ್ಕುಲೇಟರುಗಳಲ್ಲಿ ಎಂಆರ್ ಬದಲು ಎಂಆರ್‌ಸಿ ಎಂಬ ಒಂದೇ ಗುಂಡಿ ಇರುತ್ತದೆ. ಅದನ್ನು ಒಮ್ಮೆ ಒತ್ತಿದರೆ ನೆನಪಿನಲ್ಲಿರುವುದನ್ನು ತೋರಿಸುತ್ತದೆ, ಬೆನ್ನುಬೆನ್ನಿಗೆ ಎರಡು ಸಲ ಒತ್ತಿದರೆ ಅಳಿಸಿಹಾಕುತ್ತದೆ.

ಎರಡನೆಯ ತಪ್ಪು ಇದಕ್ಕಿಂತ ದುಬಾರಿಯಾದದ್ದು. 72.11 ಎಂದರೆ 72 ಅಡಿ 11 ಅಂಗುಲ ಅಲ್ಲ. ಬಿಂದುವಿನ ಮುಂದಿರುವುದು ಅಡಿಯ ಹತ್ತನೇ, ನೂರನೇ ಭಾಗಗಳು. ಅಡಿಗೆ 12 ಅಂಗುಲ. ಆದ್ದರಿಂದ ಪರದೆಯ ಮೇಲಿನ ಸಂಖ್ಯೆಯಿಂದ 72 ಕಳೆದು, ಉಳಿದ 0.111ನ್ನು 12ರಿಂದ ಗುಣಿಸಬೇಕು. ಬರುವುದು 1.33, ಅಂದರೆ 72 ಅಡಿ ಒಂದೂಕಾಲು ಅಂಗುಲಕ್ಕಿಂತ ಒಂದು ನೂಲು ಹೆಚ್ಚು. ಇದನ್ನು 72 ಅಡಿ 11 ಅಂಗುಲ ಎಂದು ಓದಿಕೊಂಡು, ಟೇಪು ಅಷ್ಟನ್ನು ತೋರಿಸುವ ತನಕ ಗೂಟ ಸರಿಸಿದರೆ, 40 ಅಡಿಯ ಬದಿ ತನ್ನ ತುದಿಯಲ್ಲಿ ಹತ್ತಿರ ಹತ್ತಿರ ಒಂದು ಅಡಿಯಷ್ಟು ಓರೆಯಾಗುತ್ತದೆ. ಕ್ಯಾಲ್ಕುಲೇಟರ್ ಸರಿಯಾಗಿಯೇ ಹೇಳಿರುತ್ತದೆ, ಗೋಡೆ ಮಾತ್ರ ಓರೆ ನಿಂತಿರುತ್ತದೆ.

ಉತ್ತರ ಎಷ್ಟಂಕಿಯದಿರಬೇಕು

ಗುಂಡಿ ಒತ್ತುವ ಮೊದಲೇ ಉತ್ತರದ ಅಂದಾಜು ಇದ್ದರೆ, 50ರ ಬದಲು 1630 ಬಂದಾಗ ಕಣ್ಣು ತಾನೇ ಎಡವುತ್ತದೆ. ಇದಕ್ಕೆ ಶಾಲೆಯಲ್ಲಿ ಕಲಿಸಿದ ಕ್ರಮವೇ ಸಾಕು. ವರ್ಗಮೂಲಕ್ಕೆ ಸಂಖ್ಯೆಯನ್ನು ಬಲದಿಂದ ಎರಡೆರಡು ಅಂಕಿಗಳಾಗಿ ಕಡಿಯಬೇಕು. 43560 ಎಂಬುದು 4, 35, 60 ಎಂದು ಮೂರು ತುಂಡಾಗುತ್ತದೆ, ಆದ್ದರಿಂದ ಉತ್ತರದ ಪೂರ್ಣಭಾಗ ಮೂರಂಕಿಯದು. ಮೊದಲ ತುಂಡು 4 ಆಗಿರುವುದರಿಂದ ಉತ್ತರ 2ರಿಂದ ಶುರುವಾಗುತ್ತದೆ. 208.71 ಇದಕ್ಕೆ ಸರಿಹೊಂದುತ್ತದೆ. ಘನಮೂಲಕ್ಕಾದರೆ ಮೂರು ಮೂರು ಅಂಕಿಗಳಾಗಿ ಕಡಿಯಬೇಕು. ಕ್ರಿ.ಶ. 499ರ ಆರ್ಯಭಟೀಯದ ಗಣಿತಪಾದದಲ್ಲಿ ವರ್ಗಮೂಲ, ಘನಮೂಲಗಳನ್ನು ಅಂಕಿ ಅಂಕಿಯಾಗಿ ತೆಗೆಯುವ ಎರಡು ಶ್ಲೋಕಗಳೂ ಸ್ಥಾನಗಳನ್ನು ಹೀಗೆಯೇ ಎರಡೆರಡು, ಮೂರು ಮೂರು ಎಂದು ವಿಂಗಡಿಸಿಕೊಂಡು ಮುಂದುವರಿಯುತ್ತವೆ.

ಇದೇ ಕಡಿಯುವ ಲೆಕ್ಕ ಯಾವ ಮೂಲಕ್ಕಾದರೂ ನಡೆಯುತ್ತದೆ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರು 1977ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೇ ಮೂಲವನ್ನು ಮನಸ್ಸಿನಲ್ಲೇ ತೆಗೆದು 54,63,72,891 ಎಂದು ಹೇಳಿದ್ದು ಪ್ರಸಿದ್ಧವಾಗಿದೆ. 201 ಅಂಕಿಗಳನ್ನು ಇಪ್ಪತ್ತಮೂರರಂತೆ ಕಡಿದರೆ ಎಂಟು ಪೂರ್ಣ ತುಂಡು, ಮೇಲೊಂದು ಅರೆ ತುಂಡು, ಒಟ್ಟು ಒಂಬತ್ತು, ಉತ್ತರವೂ ಒಂಬತ್ತಂಕಿಯದೇ. ಉತ್ತರ ಎಷ್ಟಂಕಿಯದೆಂದು ನಾವೂ ಹೇಳಬಹುದು. ಆ ಒಂಬತ್ತು ಅಂಕಿ ಯಾವುವೆಂದು ಹೇಳುವುದು ಬೇರೆ ಮಾತು.

ಘನಮೂಲದ ಗುಂಡಿ ಇರುವ ಕಡೆ

ಎಫ್‌ಎಕ್ಸ್-82ಎಂಎಸ್‌ನಲ್ಲಿ ಘನದ ಗುಂಡಿಯ ಮೇಲ್ಭಾಗದಲ್ಲಿ ∛ ಎಂದು ಸಣ್ಣದಾಗಿ ಮುದ್ರಿಸಿರುತ್ತಾರೆ. ಶಿಫ್ಟ್ ಒತ್ತಿ, ಆ ಗುಂಡಿ ಒತ್ತಿ, ಸಂಖ್ಯೆ ಒತ್ತಿ, = ಒತ್ತಬೇಕು. ಇಎಸ್ ಮಾದರಿಯಲ್ಲಿ ∛ ಇರುವುದು √ ಗುಂಡಿಯ ಮೇಲೆ. ಅಲ್ಲಿ ಶಿಫ್ಟ್ ಮತ್ತು √. ವಿಂಡೋಸ್ ಕ್ಯಾಲ್ಕುಲೇಟರನ್ನು ವೈಜ್ಞಾನಿಕ ವಿಧಕ್ಕೆ ಬದಲಿಸಿ ‘ಸೆಕೆಂಡ್’ ಎಂದಿರುವ ಗುಂಡಿಯನ್ನು ಒತ್ತಿದರೆ ವರ್ಗಮೂಲದ ಗುಂಡಿಯೇ ಘನಮೂಲದ ಗುಂಡಿಯಾಗಿ ಬದಲಾಗುತ್ತದೆ.

ಫೋನಿನ ಕೆಲವು ಕ್ಯಾಲ್ಕುಲೇಟರುಗಳಲ್ಲಿ ∛ ಇರುವುದಿಲ್ಲ, ಘಾತದ ^ ಗುಂಡಿ ಮಾತ್ರ ಇರುತ್ತದೆ. ಘನಮೂಲವೆಂದರೆ ಮೂರನೇ ಒಂದು ಘಾತವೇ ಆದ್ದರಿಂದ 64 ^ ( 1 ÷ 3 ) ಎಂದು ಒತ್ತಿದರೆ 4 ಬರುತ್ತದೆ. ಇಲ್ಲಿಯೂ ಆವರಣವನ್ನು ಬಿಡುವಂತಿಲ್ಲ. ಬಿಟ್ಟರೆ 64ರ ಒಂದನೇ ಘಾತ 64 ಆಗಿ, ಅದನ್ನು 3ರಿಂದ ಭಾಗಿಸಿ 21.33 ಎಂದು ತೋರಿಸುತ್ತದೆ. 1÷3ರ ಬದಲು 0.33 ಎಂದು ಒತ್ತುವ ಅಭ್ಯಾಸವೂ ಒಳ್ಳೆಯದಲ್ಲ. ಆಗ 64ರ ಘನಮೂಲ 4ರ ಬದಲು 3.94ರ ಹತ್ತಿರ ನಿಲ್ಲುತ್ತದೆ.

ಘನಮೂಲದ ಗುಂಡಿ ಇಲ್ಲದ ಕಡೆ

ಈಗ ಸಾದಾ ಕ್ಯಾಲ್ಕುಲೇಟರಿಗೆ ಬರೋಣ. 5,000 ಲೀಟರ್ ಎಂದರೆ 5 ಘನ ಮೀಟರ್. ಉದ್ದ, ಅಗಲ, ಆಳ ಮೂರೂ ಒಂದೇ ಆಗಿರುವ ಸಂಪಿನ ಬದಿ 5ರ ಘನಮೂಲದಷ್ಟು ಮೀಟರ್ ಇರಬೇಕು. 1ರ ಘನ 1, 2ರ ಘನ 8; ಆದ್ದರಿಂದ ಉತ್ತರ ಒಂದು ಮತ್ತು ಎರಡರ ನಡುವೆ, ಎರಡರ ಕಡೆಗೆ ಹೆಚ್ಚು ವಾಲಿಕೊಂಡಿದೆ. ಊಹೆ ಒರಟಾಗಿದ್ದರೂ ಅಡ್ಡಿಯಿಲ್ಲವಾದ್ದರಿಂದ 2 ಎಂದೇ ಹಿಡಿಯೋಣ.

ಮೊದಲು 5 ಒತ್ತಿ ಎಂ+ ಒತ್ತಿ, ಮೂಲ ಸಂಖ್ಯೆಯನ್ನು ನೆನಪಿಗೆ ಹಾಕಿ. ಆಮೇಲೆ ಊಹೆಯಾದ 2 ಒತ್ತಿ, × ಒತ್ತಿ, ಎಂಆರ್ ಒತ್ತಿ, = ಒತ್ತಿ, √ ಅನ್ನು ಎರಡು ಸಲ ಒತ್ತಿ. ಪರದೆಯ ಮೇಲೆ 1.7783 ಬರುತ್ತದೆ (ನಾಲ್ಕು ದಶಮಾಂಶ ಸ್ಥಾನಗಳಿಗೆ ದುಂಡಾಗಿಸಿ ಇಲ್ಲಿ ಬರೆಯುತ್ತಿದ್ದೇನೆ). ಏನನ್ನೂ ಅಳಿಸದೆ, ಅದರ ಮೇಲೆಯೇ ಮತ್ತೆ × ಎಂಆರ್ = √ √ ಒತ್ತಿ; 1.7268 ಬರುತ್ತದೆ. ಮತ್ತೊಮ್ಮೆ ಅದೇ ಸರಣಿ, 1.7142. ಮತ್ತೊಮ್ಮೆ, 1.7110. ಮತ್ತೊಮ್ಮೆ, 1.7102. ಮತ್ತೊಮ್ಮೆ, 1.7100. ಇಲ್ಲಿಂದ ಮುಂದೆ ನಾಲ್ಕು ಸ್ಥಾನಗಳಿಗೆ ದುಂಡಾಗಿಸಿದ ಉತ್ತರ ಅಲುಗುವುದಿಲ್ಲ, ಒಟ್ಟು ಹತ್ತು ಸುತ್ತು ಮುಗಿಯುವ ಹೊತ್ತಿಗೆ 1.709976 ಎಂದು ಆರು ಸ್ಥಾನಗಳು ನಿಲ್ಲುತ್ತವೆ. ಸಂಪಿನ ಬದಿ 1.71 ಮೀಟರ್, ಅಡಿಯಲ್ಲಿ ಹೇಳುವುದಾದರೆ 5 ಅಡಿ ಏಳೂಕಾಲು ಅಂಗುಲಕ್ಕಿಂತ ಒಂದಿಷ್ಟು ಹೆಚ್ಚು. ಸಂಪಿಗೆ ಎರಡು ಸ್ಥಾನಗಳೇ ಸಾಕಾಗಿದ್ದವು.

ಇದು ಏಕೆ ಕೆಲಸ ಮಾಡುತ್ತದೆ? ನಾವು ಮಾಡುತ್ತಿರುವುದು ಊಹೆಯನ್ನು 5ರಿಂದ ಗುಣಿಸಿ, ಬಂದದ್ದರ ನಾಲ್ಕನೇ ಮೂಲ ತೆಗೆಯುವುದು; ವರ್ಗಮೂಲದ ವರ್ಗಮೂಲವೇ ನಾಲ್ಕನೇ ಮೂಲ. ಊಹೆ ಸರಿಯಾಗಿಯೇ ಇದ್ದಿದ್ದರೆ ಅದರ ಘನ 5 ಆಗಿರುತ್ತಿತ್ತು, ಅದನ್ನು 5ರಿಂದ ಗುಣಿಸಿದಾಗ ಅದರದೇ ನಾಲ್ಕನೇ ಘಾತ ಸಿಗುತ್ತಿತ್ತು, ನಾಲ್ಕನೇ ಮೂಲ ತೆಗೆದಾಗ ಅದೇ ಊಹೆ ಹಿಂದಿರುಗಿ ಬರುತ್ತಿತ್ತು. ಊಹೆ ಶೇಕಡಾ 1ರಷ್ಟು ಹೆಚ್ಚಿದ್ದರೆ ಗುಣಲಬ್ಧವೂ ಶೇಕಡಾ 1ರಷ್ಟು ಹೆಚ್ಚಿರುತ್ತದೆ. ಒಂದು √ ಒತ್ತಿದಾಗ ಆ ತಪ್ಪು ಅರ್ಧಕ್ಕೆ, ಇನ್ನೊಂದು √ ಒತ್ತಿದಾಗ ಕಾಲಿಗೆ ಇಳಿಯುತ್ತದೆ. ಪ್ರತಿ ಸುತ್ತಿಗೂ ತಪ್ಪು ಹಿಂದಿನದರ ನಾಲ್ಕನೇ ಒಂದು ಭಾಗವಷ್ಟೇ ಉಳಿಯುತ್ತದೆ. ಮೇಲಿನ ಸಂಖ್ಯೆಗಳಲ್ಲಿ 1.7100 ಅನ್ನು ಕಳೆಯುತ್ತಾ ಹೋದರೆ 0.0683, 0.0168, 0.0042, 0.0010 ಎಂದು ಅದು ಕರಗುವುದನ್ನು ನೀವೇ ನೋಡಬಹುದು.

ಈ ಕ್ರಮವನ್ನು ನಾನು ಮೆಚ್ಚುವುದು ಅದರ ವೇಗಕ್ಕಲ್ಲ, ಅದರ ಕ್ಷಮಾಗುಣಕ್ಕೆ. ನಡುವೆ ಬೆರಳು ಜಾರಿ √ ಒಂದೇ ಸಲ ಒತ್ತಿದಿರಿ, ಅಥವಾ ಮೂರು ಸಲ ಒತ್ತಿದಿರಿ ಎಂದುಕೊಳ್ಳಿ. ಪರದೆಯ ಮೇಲಿರುವುದು ಇನ್ನೊಂದು ಕೆಟ್ಟ ಊಹೆ, ಅಷ್ಟೇ. ಮುಂದಿನ ಸುತ್ತುಗಳಲ್ಲಿ ಅದು ತಾನಾಗಿ ಸರಿಹೋಗುತ್ತದೆ. ಎಷ್ಟು ಸುತ್ತು ಆಯಿತೆಂದು ಎಣಿಸುವ ಕೆಲಸವೂ ಇಲ್ಲ. ಅಂಕಿಗಳು ಅಲುಗುವುದು ನಿಂತಾಗ ನಿಲ್ಲಿಸಿದರಾಯಿತು.

ಅವಸರವಿದ್ದವರಿಗೆ ಇನ್ನೊಂದು ದಾರಿ ಇದೆ. ಮೂಲ ಸಂಖ್ಯೆಯನ್ನು ಊಹೆಯಿಂದ ಎರಡು ಸಲ ಭಾಗಿಸಿ, ಅದಕ್ಕೆ ಊಹೆಯನ್ನು ಎರಡು ಸಲ ಕೂಡಿಸಿ, ಮೊತ್ತವನ್ನು 3ರಿಂದ ಭಾಗಿಸಬೇಕು. 1.7 ಎಂಬ ಊಹೆಯಿಂದ ಹೊರಟರೆ 5 ÷ 1.7 ÷ 1.7 + 1.7 + 1.7 = ಎಂದು ಒತ್ತಿ, ಬಂದ 5.1301 ಅನ್ನು 3ರಿಂದ ಭಾಗಿಸಿದಾಗ 1.71003 ಸಿಗುತ್ತದೆ. ಅದನ್ನು 1.71 ಎಂದು ಮೊಟಕುಮಾಡಿ ಇನ್ನೊಂದು ಸುತ್ತು ಹಾಕಿದರೆ 1.709976, ಅಂದರೆ ಹಿಂದಿನ ಕ್ರಮದಲ್ಲಿ ಹತ್ತು ಸುತ್ತಿಗೆ ಬಂದದ್ದು ಇಲ್ಲಿ ಎರಡೇ ಸುತ್ತಿಗೆ. ಊಹೆಯನ್ನು ಪ್ರತಿ ಸಲ ನಾಲ್ಕು ಕಡೆ ಒತ್ತಬೇಕೆಂಬುದಷ್ಟೇ ಇದರ ತೊಡಕು. √ ಗುಂಡಿಯೂ ಇಲ್ಲದ ಕ್ಯಾಲ್ಕುಲೇಟರಿನಲ್ಲಿ ವರ್ಗಮೂಲಕ್ಕೂ ಇದೇ ಜಾಡಿನ ಉಪಾಯವಿದೆ: ಸಂಖ್ಯೆಯನ್ನು ಊಹೆಯಿಂದ ಭಾಗಿಸಿ, ಊಹೆ ಕೂಡಿಸಿ, ಅರ್ಧ ಮಾಡಿ. 5200 ÷ 72 + 72 = ಒತ್ತಿ 2ರಿಂದ ಭಾಗಿಸಿದರೆ ಒಂದೇ ಏಟಿಗೆ 72.1111 ಬರುತ್ತದೆ, ಸರಿಯಾದ ಉತ್ತರ 72.1110.

ಹನ್ನೆರಡು ಸಲ ಒತ್ತುವ ಉಪಾಯ

ಸಿ.ಎ. ಓದುವವರಲ್ಲಿ ಇನ್ನೊಂದು ಉಪಾಯ ಬಹಳ ಬಳಕೆಯಲ್ಲಿದೆ. ಆ ಪರೀಕ್ಷೆಗಳಿಗೆ ವೈಜ್ಞಾನಿಕ ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ, 12 ಅಂಕಿಯ ಸಾದಾ ಕ್ಯಾಲ್ಕುಲೇಟರಿಗಷ್ಟೇ ಅನುಮತಿ. ಚಕ್ರಬಡ್ಡಿಯ ದರ ಕಂಡುಹಿಡಿಯಲು ಮಾತ್ರ ಮೂರನೇ, ಐದನೇ ಮೂಲಗಳು ಬೇಕಾಗುತ್ತಲೇ ಇರುತ್ತವೆ. ಅವರು ಮಾಡುವುದು ಹೀಗೆ: ಸಂಖ್ಯೆ ಒತ್ತಿ √ ಅನ್ನು ಹನ್ನೆರಡು ಸಲ ಒತ್ತುತ್ತಾರೆ, 1 ಕಳೆಯುತ್ತಾರೆ, 3ರಿಂದ ಭಾಗಿಸುತ್ತಾರೆ, 1 ಕೂಡಿಸುತ್ತಾರೆ, ಆಮೇಲೆ × = ಎಂಬ ಜೋಡಿಯನ್ನು ಹನ್ನೆರಡು ಸಲ ಒತ್ತುತ್ತಾರೆ. ಸಾದಾ ಕ್ಯಾಲ್ಕುಲೇಟರಿನಲ್ಲಿ × ಒತ್ತಿ ಕೂಡಲೇ = ಒತ್ತಿದರೆ ಪರದೆಯ ಮೇಲಿನ ಸಂಖ್ಯೆಯ ವರ್ಗ ಬರುತ್ತದೆ; ಹನ್ನೆರಡು ಸಲ ತೆಗೆದ ವರ್ಗಮೂಲವನ್ನು ಹನ್ನೆರಡು ಸಲ ವರ್ಗ ಮಾಡಿ ಮರಳಿ ತರುವುದು ಇದರ ಉದ್ದೇಶ.

ಇದರ ಹಿಂದಿನ ತರ್ಕ ಜಾಣತನದ್ದು. ಒಂದಕ್ಕೆ ತೀರ ಹತ್ತಿರವಿರುವ ಸಂಖ್ಯೆಯ ಘನಮೂಲ ತೆಗೆಯಲು, ಅದು ಒಂದಕ್ಕಿಂತ ಎಷ್ಟು ಹೆಚ್ಚಿದೆಯೋ ಅದರ ಮೂರನೇ ಒಂದು ಭಾಗವನ್ನು ಇಟ್ಟುಕೊಂಡರೆ ಸಾಕು. 1.003ರ ಘನಮೂಲ ಸುಮಾರಾಗಿ 1.001, ಬೇಕಿದ್ದರೆ 1.001ರ ಘನ ಮಾಡಿ ನೋಡಿ, 1.003003001 ಬರುತ್ತದೆ. √ ಅನ್ನು ಮತ್ತೆ ಮತ್ತೆ ಒತ್ತುವುದು ಸಂಖ್ಯೆಯನ್ನು ಒಂದರ ಹತ್ತಿರಕ್ಕೆ ತರುವುದಕ್ಕಾಗಿ. 27 ಹನ್ನೆರಡು ವರ್ಗಮೂಲಗಳಾದ ಮೇಲೆ 1.00080497 ಆಗಿರುತ್ತದೆ.

ಆದರೆ ಆ ‘ಸುಮಾರಾಗಿ’ ಎಂಬುದರಲ್ಲೇ ತೊಂದರೆ ಇದೆ. ಚಿಕ್ಕ ತಪ್ಪು ಹನ್ನೆರಡು ಸಲ ವರ್ಗವಾಗುವಾಗ 4,096 ಪಟ್ಟು ಹಿಗ್ಗುತ್ತದೆ. ಈ ಉಪಾಯದಲ್ಲಿ 27ರ ಘನಮೂಲ 3ರ ಬದಲು 3.00088 ಬರುತ್ತದೆ, 1000ದ ಘನಮೂಲ 10ರ ಬದಲು 10.013ರ ಹತ್ತಿರ ಬರುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಉತ್ತರ ಕೆಡುತ್ತದೆ. 8 ಅಂಕಿಯ ಕ್ಯಾಲ್ಕುಲೇಟರಿನಲ್ಲಂತೂ 1 ಕಳೆದ ಮೇಲೆ ಉಳಿಯುವುದು 0.0008049 ಎಂಬ ನಾಲ್ಕೇ ಅಂಕಿಗಳ ಬಂಡವಾಳ. ಅದರಿಂದ ಹೆಚ್ಚಿನದನ್ನು ನಿರೀಕ್ಷಿಸುವಂತಿಲ್ಲ.

ಹಾಗಿದ್ದರೆ ಪರೀಕ್ಷೆಯಲ್ಲಿ ಇದು ಹೇಗೆ ನಡೆಯುತ್ತದೆ? ಬಡ್ಡಿಯ ಲೆಕ್ಕದ ಸಂಖ್ಯೆಗಳು ಸ್ವಭಾವತಃ ಒಂದರ ಹತ್ತಿರ ಇರುತ್ತವೆ. ಒಂದು ಲಕ್ಷ ರೂಪಾಯಿ ಮೂರು ವರ್ಷಗಳಲ್ಲಿ ಒಂದೂವರೆ ಲಕ್ಷವಾದರೆ ಬೇಕಾದದ್ದು 1.5ರ ಘನಮೂಲ. ಸರಿಯಾದ ಉತ್ತರ 1.144714, ಉಪಾಯದ ಉತ್ತರ 1.144719. ವಾರ್ಷಿಕ ದರ ಎರಡರಲ್ಲೂ ಶೇಕಡಾ 14.47. ಆದ್ದರಿಂದ ಈ ಉಪಾಯವನ್ನು ಬಡ್ಡಿಗೆ ಇಟ್ಟುಕೊಳ್ಳಿ, ಸಂಪಿಗೂ ಸಾಮಗ್ರಿಗೂ ತರಬೇಡಿ ಎಂದು ನನ್ನ ಸಲಹೆ. ಇನ್ನೊಂದು ಮಾತು: ಇದರಲ್ಲಿ ಎಣಿಕೆ ತಪ್ಪುವಂತಿಲ್ಲ. ಹನ್ನೆರಡು ಸಲ √ ಒತ್ತಿ, ಹನ್ನೊಂದೇ ಸಲ × = ಒತ್ತಿದರೆ ಬರುವುದು ಉತ್ತರವಲ್ಲ, ಉತ್ತರದ ವರ್ಗಮೂಲ. 27ಕ್ಕೆ 1.73 ಬಂದಾಗ ನನಗೆ ಅದು 3ರ ವರ್ಗಮೂಲವೆಂದು ಹೊಳೆಯಲು ಸ್ವಲ್ಪ ಹೊತ್ತೇ ಹಿಡಿದಿತ್ತು.

ಋಣ ಸಂಖ್ಯೆ, ಮತ್ತು ಉತ್ತರದ ತಾಳೆ

ಋಣ ಸಂಖ್ಯೆಯ ವರ್ಗಮೂಲ ಕೇಳಿದರೆ ವೈಜ್ಞಾನಿಕ ಕ್ಯಾಲ್ಕುಲೇಟರ್ ‘ಮ್ಯಾತ್ ಎರರ್’ ಎನ್ನುತ್ತದೆ, ಸಾದಾ ಕ್ಯಾಲ್ಕುಲೇಟರ್ ಪರದೆಯ ಅಂಚಿನಲ್ಲಿ ತಪ್ಪಿನ ಗುರುತು ತೋರಿಸಿ ಕುಳಿತುಬಿಡುತ್ತದೆ. ಕೆಟ್ಟುಹೋಗಿಲ್ಲ, ಎಸಿ ಒತ್ತಿದರೆ ಎಚ್ಚರಗೊಳ್ಳುತ್ತದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ 9ನೇ ಶತಮಾನದ ತನ್ನ ಗಣಿತಸಾರಸಂಗ್ರಹದಲ್ಲಿ ಇದನ್ನೇ ಹೇಳಿದ್ದಾನೆ. ಧನದ ವರ್ಗವೂ ಋಣದ ವರ್ಗವೂ ಧನವೇ. ಋಣವು ಸ್ವಭಾವತಃ ಯಾವುದರ ವರ್ಗವೂ ಅಲ್ಲದ ಕಾರಣ ಅದಕ್ಕೆ ವರ್ಗಮೂಲವಿಲ್ಲ ಎಂಬುದು ಅವನ ಮಾತಿನ ತಾತ್ಪರ್ಯ.

ಘನಮೂಲಕ್ಕೆ ಈ ನಿರ್ಬಂಧವಿಲ್ಲ. −3ರ ಘನ −27 ಆಗಿರುವುದರಿಂದ −27ರ ಘನಮೂಲ −3. ∛ ಗುಂಡಿ ಇದನ್ನು ಸರಿಯಾಗಿ ಕೊಡುತ್ತದೆ. ಆದರೆ ಘಾತದ ಗುಂಡಿಯಿಂದ ಹೋದರೆ ಫೋನಿನ ಕೆಲವು ಕ್ಯಾಲ್ಕುಲೇಟರುಗಳು ನಿರಾಕರಿಸುತ್ತವೆ, ಎರಡು ಸಲ √ ಒತ್ತುವ ಕ್ರಮವೂ ಋಣ ಸಂಖ್ಯೆಯ ಮೇಲೆ ನಡೆಯುವುದಿಲ್ಲ. ಮೈನಸನ್ನು ಬದಿಗಿಟ್ಟು 27ರ ಘನಮೂಲ ತೆಗೆದು, ಕೊನೆಗೆ ಮೈನಸ್ ಹಚ್ಚುವುದು ಎಲ್ಲ ಕಡೆಯೂ ನಡೆಯುವ ದಾರಿ.

ಬಂದ ಉತ್ತರವನ್ನು ವರ್ಗ ಅಥವಾ ಘನ ಮಾಡಿ ತಾಳೆ ನೋಡುವಾಗ ಸಾದಾ ಕ್ಯಾಲ್ಕುಲೇಟರ್ ಒಂದು ಸಣ್ಣ ಗಾಬರಿ ಹುಟ್ಟಿಸುತ್ತದೆ. 8 ಅಂಕಿಯದರಲ್ಲಿ 2 ಒತ್ತಿ √ ಒತ್ತಿದರೆ 1.4142135 ಬರುತ್ತದೆ; ಅದರ ಮೇಲೆ × = ಒತ್ತಿದರೆ 2 ಬರುವುದಿಲ್ಲ, 1.9999998 ಬರುತ್ತದೆ. ಪರದೆಯಲ್ಲಿ ಹಿಡಿಸದ ಅಂಕಿಗಳನ್ನು ಅದು ಕತ್ತರಿಸಿ ಎಸೆದಿರುವುದೇ ಇದಕ್ಕೆ ಕಾರಣ. ವೈಜ್ಞಾನಿಕ ಕ್ಯಾಲ್ಕುಲೇಟರ್ ತೋರಿಸುವುದಕ್ಕಿಂತ ಕೆಲವು ಹೆಚ್ಚುವರಿ ಅಂಕಿಗಳನ್ನು ಒಳಗೆ ಇಟ್ಟುಕೊಂಡಿರುವುದರಿಂದ ಅದರಲ್ಲಿ 2 ಎಂದೇ ಬರುತ್ತದೆ. ಕೊನೆಯ ಒಂದೆರಡು ಅಂಕಿಗಳ ಈ ಏರುಪೇರನ್ನು ತಪ್ಪೆಂದು ಎಣಿಸಬೇಕಾಗಿಲ್ಲ.

ಐದನೇ, ಏಳನೇ ಮೂಲ

ನಾಲ್ಕನೇ ಮೂಲಕ್ಕೆ √ ಎರಡು ಸಲ, ಎಂಟನೇ ಮೂಲಕ್ಕೆ ಮೂರು ಸಲ. ಆರನೇ ಮೂಲವೆಂದರೆ ಘನಮೂಲದ ವರ್ಗಮೂಲ. ಏಳನೇ ಮೂಲಕ್ಕೆ ಘನಮೂಲದ ಸರಣಿಯನ್ನೇ ಬಳಸಿ, ಎರಡು √ಗಳ ಬದಲು ಮೂರು √ ಒತ್ತಿದರಾಯಿತು. ಐದನೇ ಮೂಲದಲ್ಲಿ ಮಾತ್ರ ಗುಣಾಕಾರದ ಜಾಗದಲ್ಲಿ ಭಾಗಾಕಾರ ಬರುತ್ತದೆ: ಮೂಲ ಸಂಖ್ಯೆಯನ್ನು ಊಹೆಯಿಂದ ಭಾಗಿಸಿ √ ಎರಡು ಸಲ ಒತ್ತಬೇಕು. ಐದು ವರ್ಷಗಳಲ್ಲಿ ಹಣ ದುಪ್ಪಟ್ಟಾಗಬೇಕಾದರೆ ಚಕ್ರಬಡ್ಡಿಯ ದರ ಎಷ್ಟಿರಬೇಕು ಎಂಬ ಪ್ರಶ್ನೆಗೆ 2ರ ಐದನೇ ಮೂಲ ಬೇಕು. ಶೇಕಡಾ 15 ಇರಬಹುದೆಂಬ ಊಹೆಯಿಂದ 2 ÷ 1.15 = √ √ ಒತ್ತಿದರೆ 1.14837. ಆ ಸಂಖ್ಯೆಯನ್ನು ಚೀಟಿಯಲ್ಲಿ ಗುರುತು ಹಾಕಿಕೊಂಡು 2 ÷ 1.14837 = √ √ ಒತ್ತಿದರೆ 1.14878, ಮತ್ತೊಮ್ಮೆ ಮಾಡಿದರೆ 1.14868. ಇಲ್ಲಿ ಉತ್ತರ ಒಂದೇ ಕಡೆಯಿಂದ ಇಳಿದು ಬರುವುದಿಲ್ಲ, ತೊಟ್ಟಿಲಿನಂತೆ ಆಚೆಗೊಮ್ಮೆ ಈಚೆಗೊಮ್ಮೆ ತೂಗಿ 1.1487ರಲ್ಲಿ ನಿಲ್ಲುತ್ತದೆ. ದರ ಶೇಕಡಾ 14.87. ಕೊನೆಯ ಎರಡು ಉತ್ತರಗಳ ಪೈಕಿ ಒಂದು ನಿಜಕ್ಕಿಂತ ಹೆಚ್ಚು, ಇನ್ನೊಂದು ಕಡಿಮೆ ಆಗಿರುವುದರಿಂದ, ಎಲ್ಲಿ ನಿಲ್ಲಿಸಿದರೂ ಸರಿಯಾದ ಉತ್ತರ ಅವೆರಡರ ನಡುವೆಯೇ ಇರುತ್ತದೆ.